ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರ್ಖಾನೆಯ ಯಂತ್ರಗಳನ್ನೆಲ್ಲ ಬಿಚ್ಚಲೇಬೇಕೇ?

ಕಬ್ಬು ನುರಿಸುವ ಹಂಗಾಮು ಮುಗಿದು ಮುಂದಿನ ಬಾಯ್ಲರ್ ಪ್ರದೀಪನ (ಹೊಸ ಹಂಗಾಮಿಗೆ ಪೂಜೆ ಮಾಡಿ ಬಾಯ್ಲರಿಗೆ ಬೆಂಕಿ ಹೊತ್ತಿಸುವುದು) ಆಗುವುದರೊಳಗೆ ಕಾರ್ಖಾನೆಯ ಪ್ರತಿಯೊಂದು ಯಂತ್ರವನ್ನೂ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಯಂತ್ರ ಓಡುತ್ತಿರುವಾಗಲೇ ಅದರ ಸ್ಥಿತಿಯನ್ನು ಅಳೆಯುವ ಉಪಕರಣಗಳು ಸಿಗುವ ಈ ಕಾಲದಲ್ಲೂ ಆ ಪದ್ಧತಿ ಮುಂದುವರಿಯಬೇಕೇ ಎಂಬುದು ಪ್ರಶ್ನೆ.

ಪರ: ಬಿಚ್ಚದಿದ್ದರೆ ಬಿರುಕು ಜನವರಿಯಲ್ಲಿ ಕಾಣುತ್ತದೆ
(ಲೇಖಕರು ಸಕ್ಕರೆ ಕಾರ್ಖಾನೆಯ ನಿವೃತ್ತ ಮುಖ್ಯ ಎಂಜಿನಿಯರ್)

ಸಕ್ಕರೆ ಕಾರ್ಖಾನೆಯನ್ನು ಬೇರೆ ಕಾರ್ಖಾನೆಗಳ ಸಾಲಿನಲ್ಲಿ ನಿಲ್ಲಿಸಿ ಮಾತನಾಡುವವರಿಗೆ ನಾನು ಮೊದಲು ಹೇಳುವುದೆಂದರೆ, ಇಲ್ಲಿ ಯಂತ್ರ ನಿಂತರೆ ಕಚ್ಚಾ ಮಾಲು ಕಾಯುವುದಿಲ್ಲ. ಸಿಮೆಂಟ್ ಕಾರ್ಖಾನೆಯ ಸುಣ್ಣದಕಲ್ಲು ಅಂಗಳದಲ್ಲಿ ವಾರವಿಡೀ ಬಿದ್ದಿದ್ದರೂ ಸುಣ್ಣದಕಲ್ಲಾಗಿಯೇ ಉಳಿಯುತ್ತದೆ. ಕಡಿದ ಕಬ್ಬಾದರೋ ಕಡಿದ ಗಳಿಗೆಯಿಂದ ತೂಕ ಕಳೆದುಕೊಳ್ಳುತ್ತದೆ, ಅದರೊಳಗಿನ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಹಾಗೆ ಒಡೆದದ್ದನ್ನು ಮತ್ತೆ ಸಕ್ಕರೆಯ ಹರಳಾಗಿಸಲು ರಸ ಕುದಿಸಿ ಹರಳುಗಟ್ಟಿಸುವ ಯಾವ ಪ್ಯಾನ್‌ಮನ್‌ಗೂ ಸಾಧ್ಯವಿಲ್ಲ. ತೂಕ ಇಳಿದರೆ ನಷ್ಟ ರೈತನದು. ಇಳುವರಿ, ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು, ಇಳಿದರೆ ನಷ್ಟ ಮೊದಲು ಕಾರ್ಖಾನೆಯದು, ಆಮೇಲೆ ಮತ್ತೆ ರೈತನದೇ, ಏಕೆಂದರೆ ಕೇಂದ್ರ ಸರ್ಕಾರ ನಿಗದಿಪಡಿಸುವ ಕಬ್ಬಿನ ಕನಿಷ್ಠ ದರ (ಎಫ್‌ಆರ್‌ಪಿ) ಇಳುವರಿಗೆ ಕಟ್ಟುಬಿದ್ದದ್ದು, ಈಚಿನ ವರ್ಷಗಳಲ್ಲಿ ಶೇ. 10.25ರ ಇಳುವರಿಯೇ ಅದರ ಆಧಾರ.

ಇಂಥ ಕಾರ್ಖಾನೆ ವರ್ಷದಲ್ಲಿ ನಾಲ್ಕೈದು ತಿಂಗಳು ಹಗಲುರಾತ್ರಿ ಓಡುತ್ತದೆ, ಉಳಿದ ತಿಂಗಳು ನಿಂತಿರುತ್ತದೆ. ಬೇರೆ ಕೈಗಾರಿಕೆಗಳಲ್ಲಿ ಯಂತ್ರ ಬಿಚ್ಚಬೇಕಾದರೆ ಉತ್ಪಾದನೆ ನಿಲ್ಲಿಸಬೇಕು, ಆದ್ದರಿಂದ ಅಲ್ಲಿ ‘ಬಿಚ್ಚಬೇಕೇ ಬೇಡವೇ’ ಎಂಬ ಲೆಕ್ಕಾಚಾರಕ್ಕೆ ಅರ್ಥವಿದೆ. ನಮಗೆ ಆ ಬಿಡುವು ತಾನಾಗಿಯೇ ಸಿಗುತ್ತದೆ, ಫಿಟ್ಟರ್‌ಗಳೂ ಖಲಾಸಿಗಳೂ ಸಂಬಳದ ಮೇಲೆ ಅಲ್ಲೇ ಇರುತ್ತಾರೆ. ಹೀಗಿರುವಾಗ ಗಾಣದ ರೋಲರುಗಳನ್ನು ಕ್ರೇನಿನಲ್ಲಿ ಎತ್ತಿ ಹಲ್ಲುಗಳ ಸವೆತ ನೋಡುವುದಕ್ಕೆ, ರೋಲರುಗಳ ನಡುವೆ ಸಿಪ್ಪೆಯನ್ನು ದಾಟಿಸುವ ಟ್ರ್ಯಾಶ್ ಪ್ಲೇಟನ್ನು ವೆಲ್ಡಿಂಗ್ ಮಾಡಿ ಮತ್ತೆ ಆಕಾರಕ್ಕೆ ತರುವುದಕ್ಕೆ, ಕಬ್ಬನ್ನು ನಾರುನಾರಾಗಿ ಜಜ್ಜುವ ಫೈಬ್ರೈಜರಿನ ಸುತ್ತಿಗೆಗಳ ತುದಿಗೆ ಗಟ್ಟಿ ಲೋಹ ಕೂರಿಸಿ ತೂಕ ಸರಿದೂಗಿಸುವುದಕ್ಕೆ, ಪಂಪು, ಗೇರ್‌ಬಾಕ್ಸ್, ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ ಸೆಂಟ್ರಿಫ್ಯೂಗಲ್‌ಗಳ ಮುಚ್ಚಳ ತೆಗೆಯುವುದಕ್ಕೆ ಅಡ್ಡಿ ಹೇಳುವುದೇಕೆಂದು ನನಗೆ ತಿಳಿಯದು. ಬಾಯ್ಲರಿನ ಮಟ್ಟಿಗೆ ಈ ವಿವೇಕವನ್ನು ಸರ್ಕಾರ 1923ರಲ್ಲಿಯೇ ಕಾಯ್ದೆಯಾಗಿ ಬರೆಯಿತು. ಬಾಯ್ಲರನ್ನು ತಪಾಸಣೆ ಮಾಡಿ ಓಡಿಸಲು ಕೊಡುವ ಪ್ರಮಾಣಪತ್ರವನ್ನು ಹೆಚ್ಚೆಂದರೆ ಹನ್ನೆರಡು ತಿಂಗಳಿಗೆ ಕೊಡುವ ಪದ್ಧತಿ ಬಂದದ್ದು ಅಲ್ಲಿಂದ. ಬಾಯ್ಲರಿಗೆ ಸಲ್ಲುವ ಎಚ್ಚರ ಗಾಣಕ್ಕೆ ಸಲ್ಲದೇ?

ಕೃಷ್ಣಾ ತೀರದ ಒಂದು ಕಾರ್ಖಾನೆಯಲ್ಲಿ ನಾನಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಆ ವರ್ಷ ಆಡಳಿತ ಮಂಡಳಿಗೆ ಖರ್ಚು ಕಡಿಮೆ ಮಾಡುವ ಉಮೇದು ಬಂದಿತ್ತು. ಮೂರನೆಯ ಗಾಣದ ಮೇಲಿನ ರೋಲರ್ ಹಿಂದಿನ ವರ್ಷವಷ್ಟೇ ಹೊಸ ಶೆಲ್ (ಶಾಫ್ಟಿನ ಮೇಲಿನ ಹೊರಕವಚ) ಕಂಡಿದ್ದರಿಂದ ಅದನ್ನು ಎತ್ತುವುದು ಬೇಡ ಎಂದು ಪುಣೆಯಿಂದ ಬಂದ ಸಲಹೆಗಾರರೊಬ್ಬರು ಬರೆದುಕೊಟ್ಟರು. ನಾನು ಒಪ್ಪಿಗೆಯಿಲ್ಲವೆಂದು ಕಡತದಲ್ಲಿ ಬರೆದೆ, ಕಡತ ಮೇಲೆ ಹೋಯಿತು, ಅಲ್ಲೇ ಉಳಿಯಿತು. ಜನವರಿಯ ಒಂದು ರಾತ್ರಿ ಎರಡನೆಯ ಪಾಳಿ ಮುಗಿಯುವ ಹೊತ್ತಿಗೆ ಗಾಣದ ಮನೆಯಿಂದ ಗುಂಡು ಹೊಡೆದಂಥ ಸದ್ದು ಬಂತು. ಆ ರೋಲರಿನ ಶಾಫ್ಟು ಬೇರಿಂಗ್ ಕತ್ತಿನ ಬಳಿ, ದಪ್ಪದಿಂದ ಸಣ್ಣಕ್ಕೆ ಇಳಿಯುವ ಮೂಲೆಯಲ್ಲಿ, ಎರಡಾಗಿತ್ತು. ಮುರಿದ ಮುಖವನ್ನು ಟಾರ್ಚ್ ಹಿಡಿದು ನೋಡಿದೆವು: ಮುಕ್ಕಾಲು ಭಾಗ ಕಪ್ಪಾಗಿ, ನಯವಾಗಿ, ಸಮುದ್ರದ ಚಿಪ್ಪಿನ ಮೇಲಿನಂಥ ವರ್ತುಲ ಗೆರೆಗಳಿಂದ ತುಂಬಿತ್ತು, ಅಂಚಿನ ಕಾಲು ಭಾಗವಷ್ಟೇ ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ಬಿರುಕು ಬಹಳ ಕಾಲದಿಂದ ಬೆಳೆಯುತ್ತಿತ್ತು. ಮಳೆಗಾಲದಲ್ಲಿ ರೋಲರನ್ನು ಎತ್ತಿ, ಕತ್ತನ್ನು ಸೀಮೆಎಣ್ಣೆಯಿಂದ ಒರೆಸಿ, ಕೆಂಪು ದ್ರವ ಹಚ್ಚಿ ಒರೆಸಿ ಬಿಳಿ ಪುಡಿ ಸಿಂಪಡಿಸಿದ್ದರೆ ಹತ್ತು ನಿಮಿಷದಲ್ಲಿ ಕೂದಲೆಳೆಯಂಥ ಕೆಂಪು ಗೆರೆ ಮೂಡಿ ನಿಲ್ಲುತ್ತಿತ್ತು.

ಮುಂದಿನದು ಕಬ್ಬಿನ ಸೀಮೆಯವರಿಗೆ ಗೊತ್ತೇ ಇದೆ. ಬದಲಿ ರೋಲರ್ ಕೂರುವವರೆಗೆ ಕೇನ್ ಯಾರ್ಡ್ ತುಂಬಿತು, ಯಾರ್ಡಿನ ಆಚೆ ರಸ್ತೆಯ ಎರಡೂ ಬದಿಗೆ ಟ್ರಾಲಿಗಳು ನಿಂತವು, ಕಡಿಯುವ ಗ್ಯಾಂಗುಗಳು ಮುಂಗಡ ಕೊಟ್ಟ ಬೇರೆ ಕಾರ್ಖಾನೆಯ ಕಡೆ ಹೊರಟವು. ಗೇಟಿನ ಬಳಿ ಒಬ್ಬ ಹಿರಿಯರು ನನ್ನನ್ನು ತಡೆದು, “ಸಾಹೇಬ್ರ, ಮಷಿನ್ ನಿಮ್ಮದು ಮುರದೈತಿ, ಒಣಗೂದು ನಮ್ಮ ಕಬ್ಬ್ಯಾಕ?” ಎಂದು ಕೇಳಿದರು. ಸಲಹೆಗಾರರ ವರದಿಯಲ್ಲಿ ಈ ಪ್ರಶ್ನೆಗೆ ಅಂಕಣವಿರಲಿಲ್ಲ.

ಬಿಚ್ಚುವುದರಿಂದಲೇ ಯಂತ್ರ ಕೆಡುತ್ತದೆ ಎಂಬ ವಾದವೊಂದಿದೆ. ಸ್ನಾನ ಮಾಡಿದರೆ ನೆಗಡಿಯಾಗುತ್ತದೆಂದು ವರ್ಷಗಟ್ಟಲೆ ಮೈ ತೊಳೆಯದವನ ವಾದವದು, ಅದಕ್ಕೆ ಉತ್ತರ ಕೊಡುತ್ತ ಕೂರಲಾರೆ. ಉಪಕರಣಗಳ ಮೇಲೆ ಭಕ್ತಿ ಇರುವವರು ಕಬ್ಬನ್ನು ಗಾಣಕ್ಕೆ ಸಾಗಿಸುವ ಕೇನ್ ಕ್ಯಾರಿಯರಿನ ಸರಪಳಿಯ ಯಾವ ಕೊಂಡಿಗೆ ಯಾವ ಉಪಕರಣ ಕಟ್ಟುತ್ತಾರೆಂದು ಮಾತ್ರ ಹೇಳಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದದ್ದು ಸರಪಳಿಯ ಕೊಂಡಿ ಕಡಿದು. ನಾವು ಪ್ರತಿ ವರ್ಷ ಸರಪಳಿಯನ್ನು ನೆಲಕ್ಕಿಳಿಸಿ, ಡೀಸೆಲ್‌ನಲ್ಲಿ ತೊಳೆದು, ಪಿನ್ನು ಪಿನ್ನಿಗೂ ಕ್ಯಾಲಿಪರ್ ಹಿಡಿದು ನೋಡುತ್ತಿದ್ದೆವು. ಅದು ಬೇಸರದ ಕೆಲಸ ಹೌದು. ಬೇಸರದ ಕೆಲಸವೆಂಬ ಕಾರಣಕ್ಕೇ ಅದನ್ನು ಬಿಡಬೇಕೆನ್ನುವ ಸಿದ್ಧಾಂತಗಳು ಹುಟ್ಟುತ್ತವೆಂದು ನನ್ನ ಅನುಮಾನ.

ವಿರೋಧ: ಬಿಚ್ಚುವ ಮೊದಲು ಅಳೆಯಿರಿ
(ಲೇಖಕರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಧ್ಯಾಪಕರು)

ಈ ಪಕ್ಷವನ್ನು ಬರೆದುಕೊಡಬೇಕೆಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಗಾಣದ ರೋಲರುಗಳನ್ನು ಎತ್ತಬಾರದೆಂದು ನಾನು ಎಂದೂ ಹೇಳಿದವನಲ್ಲ. ಸವೆಯುವುದೇ ಸ್ವಭಾವವಾಗಿರುವ ಭಾಗಗಳನ್ನು ಬಿಚ್ಚಲಿ. ನನ್ನ ತಕರಾರು ‘ಎಲ್ಲ’ ಯಂತ್ರಗಳ ಬಗ್ಗೆ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕರಾವಳಿ ವಾಯುದಳದ ಲಿಬರೇಟರ್ ವಿಮಾನಗಳ ದುರಸ್ತಿ ದಾಖಲೆಗಳನ್ನು ಸಿ. ಎಚ್. ವ್ಯಾಡಿಂಗ್ಟನ್ ಮತ್ತು ಸಂಗಡಿಗರು ಪರಿಶೀಲಿಸಿದಾಗ, ಪ್ರತಿ 50 ಗಂಟೆಗಳ ಕಡ್ಡಾಯ ತಪಾಸಣೆಯಾದ ಕೂಡಲೇ ಅನಿರೀಕ್ಷಿತ ದೋಷಗಳು ಏರಿ, ಹಾರಾಟದ ಗಂಟೆಗಳು ಕಳೆದಂತೆ ಇಳಿಯುತ್ತಿದ್ದುದು ಕಂಡುಬಂತು. ತಪಾಸಣೆ ದೋಷವನ್ನು ತಡೆಯುವ ಬದಲು ಹುಟ್ಟಿಸುತ್ತಿತ್ತು. ಮುಂದೆ 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಅಮೆರಿಕದ ರಕ್ಷಣಾ ಇಲಾಖೆಗೆ ಕೊಟ್ಟ ವರದಿಯ ಪ್ರಕಾರ, ಅವರು ಅಧ್ಯಯನ ಮಾಡಿದ ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಸಂಭವ ಹೆಚ್ಚುವಂಥವು ಶೇ. 11 ಮಾತ್ರ. ಶೇ. 68ರಷ್ಟು ಭಾಗಗಳಲ್ಲಿ ದೋಷದ ಸಂಭವ ಜೋಡಿಸಿದ ಹೊಸತರಲ್ಲಿ ಹೆಚ್ಚಾಗಿದ್ದು ಆಮೇಲೆ ಇಳಿದು ಸಮನಾಗುತ್ತಿತ್ತು. ವಿಮಾನದ ಅಂಕಿಯನ್ನು ಕಬ್ಬಿನ ಗಾಣಕ್ಕೆ ಹಾಗೆಯೇ ತಂದು ಅಂಟಿಸಬಾರದೆಂಬುದನ್ನು ಒಪ್ಪುತ್ತೇನೆ, ಆದರೆ ಪಂಪು, ಫ್ಯಾನು, ಮೋಟರುಗಳಲ್ಲಿರುವುದು ಅದೇ ಜಾತಿಯ ಬೇರಿಂಗು, ಅದೇ ಜಾತಿಯ ಸೀಲು.

ಬೇರಿಂಗಿನ ವಿಷಯವನ್ನೇ ನೋಡಿ. ತಯಾರಕರು ಕೊಡುವ ಆಯುಷ್ಯದ ಅಂಕಿಯ ಅರ್ಥ ನೂರು ಬೇರಿಂಗುಗಳಲ್ಲಿ ತೊಂಬತ್ತು ಆ ಅವಧಿಯನ್ನು ದಾಟುತ್ತವೆ ಎಂದು. ಆ ದಿನಾಂಕಕ್ಕೆ ಎಲ್ಲವನ್ನೂ ಕಿತ್ತರೆ ಕೆಟ್ಟ ಹತ್ತರ ಜೊತೆ ಒಳ್ಳೆಯ ತೊಂಬತ್ತನ್ನೂ ಗುಜರಿಗೆ ಹಾಕಿದಂತೆ. ಅವುಗಳ ಜಾಗಕ್ಕೆ ಬರುವ ಹೊಸ ಬೇರಿಂಗನ್ನು ಬಿಸಿ ಮಾಡಿ ಹಿಗ್ಗಿಸಿ ಕೂರಿಸಬೇಕು. ನಮ್ಮ ಬಹುತೇಕ ವರ್ಕ್‌ಶಾಪುಗಳಲ್ಲಿ ಪೈಪಿನ ತುಂಡು ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಆ ಪೆಟ್ಟಿಗೆ ಒಳಗೆ ಗುಂಡುಗಳು ಉರುಳುವ ಹಾದಿಯಲ್ಲಿ ಬೀಳುವ ಸಣ್ಣ ತಗ್ಗು ಆಗ ಯಾರಿಗೂ ಕಾಣುವುದಿಲ್ಲ, ಪ್ರದೀಪನದ ಹೂವಿನ ಹಾರ ಒಣಗುವ ಮೊದಲು ಕೇಳಿಸತೊಡಗುತ್ತದೆ. ಕೇನ್ ಕ್ಯಾರಿಯರಿನ ಸರಪಳಿಯನ್ನು ಇಳಿಸಿ ನೋಡುವುದಕ್ಕೆ ನನ್ನ ಅಭ್ಯಂತರವಿಲ್ಲ, ಆ ಮಾತನ್ನು ಇಲ್ಲಿ ಬೆಳೆಸುವುದೂ ಇಲ್ಲ.

ವರ್ಷಕ್ಕೊಮ್ಮೆ ಬಿಚ್ಚಿದ್ದೇವೆಂಬ ಸಮಾಧಾನ ಕೊಡುವ ಭರವಸೆ ಎಷ್ಟರದೆಂಬುದಕ್ಕೆ ರಷ್ಯಾದ ಸಯಾನೋ-ಶುಶೆನ್‌ಸ್ಕಾಯಾ ಜಲವಿದ್ಯುತ್ ಕೇಂದ್ರವಿದೆ. ಅಲ್ಲಿಯ ಎರಡನೆಯ ಘಟಕ 2009ರ ಮೊದಲ ತಿಂಗಳುಗಳಲ್ಲಿ ದುರಸ್ತಿಯಾಗಿ ಹೊರಬಂದಿತ್ತು. ಅದೇ ವರ್ಷದ ಆಗಸ್ಟ್ 17ರಂದು ಟರ್ಬೈನಿನ ಮುಚ್ಚಳವನ್ನು ಹಿಡಿದಿದ್ದ ಬೋಲ್ಟುಗಳು ಲೋಹದ ದಣಿವಿನ ಬಿರುಕಿನಿಂದ (ಮತ್ತೆ ಮತ್ತೆ ಬೀಳುವ ಭಾರಕ್ಕೆ ನಿಧಾನವಾಗಿ ಬೆಳೆಯುವ ಬಿರುಕು) ಕಡಿದು, ಘಟಕವೇ ಮೇಲೆದ್ದು, ನೀರು ನುಗ್ಗಿ 75 ಜನ ಸತ್ತರು. ಅದಕ್ಕೂ ಮೊದಲು ಕಂಪನ ಏರುತ್ತಿದ್ದುದು ದಾಖಲಾಗಿತ್ತು, ಆದರೂ ಯಂತ್ರವನ್ನು ಓಡಿಸಿದರು. ಉಪಕರಣವಿದ್ದೂ ಪ್ರಯೋಜನವಾಗಲಿಲ್ಲವಲ್ಲ ಎಂದು ಎದುರು ಪಕ್ಷದವರು ಇದೇ ಉದಾಹರಣೆಯನ್ನು ನನ್ನ ಮೇಲೆ ತಿರುಗಿಸಬಹುದು, ಅದರಲ್ಲಿ ಸತ್ಯವಿಲ್ಲದೆ ಇಲ್ಲ. ತೋರಿಸಿದ ಅಂಕಿಯನ್ನು ಯಾರೂ ಓದದಿದ್ದರೆ ಮಾಪಕ ಬರೀ ಗೋಡೆಯ ಅಲಂಕಾರ.

ಕಾರ್ಖಾನೆಗಳಿಗೆ ನಾನು ಸೂಚಿಸಬಹುದಾದದ್ದು ಇಷ್ಟೆ. ಗಾಣ ನಿಂತ ಮೇಲೆ ಕಂಪನವೂ ಇಲ್ಲ, ಶಾಖವೂ ಇಲ್ಲ, ಅಳೆಯಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಕಬ್ಬು ಇನ್ನೂ ಬರುತ್ತಿರುವ ಕೊನೆಯ ವಾರಗಳಲ್ಲಿಯೇ, ಪೂರ್ತಿ ಭಾರದಲ್ಲಿ ಓಡುತ್ತಿರುವಾಗ, ಪ್ರತಿಯೊಂದು ಪಂಪು, ಫ್ಯಾನು, ಗೇರ್‌ಬಾಕ್ಸಿನ ಕಂಪನ ಮತ್ತು ಬೇರಿಂಗಿನ ಶಾಖವನ್ನು ಅಳೆದು, ಗೇರ್ ಎಣ್ಣೆಯ ಮಾದರಿಯನ್ನು ಶೀಶೆಯಲ್ಲಿ ಹಿಡಿದು ಪರೀಕ್ಷೆಗೆ ಕಳುಹಿಸಿ, ಬಿಚ್ಚಬೇಕಾದವುಗಳ ಪಟ್ಟಿಯನ್ನು ಆ ಅಂಕಿಗಳಿಂದ ತಯಾರಿಸಲಿ. ಪಟ್ಟಿಯಲ್ಲಿ ಬಾರದ ಯಂತ್ರಕ್ಕೆ ಗ್ರೀಸ್ ಹಾಕಿ, ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ವಾರಕ್ಕೊಮ್ಮೆ ಶಾಫ್ಟನ್ನು ಕೈಯಿಂದ ತಿರುಗಿಸಿಟ್ಟರೆ ಸಾಕು.