ಏನೂ ಆಗದ ಭಾನುವಾರಕ್ಕೆ ಕ್ಷಮೆ ಕೇಳಿದ ಮಂತ್ರಿ

"ಏನೂ ಆಗ್ಲಿಲ್ಲ ಅಂತೀಯಲ್ಲ ಮಾರಾಯ, ಮತ್ತೆ ಮಂತ್ರಿ ಎಂತಕ್ಕೆ ಕ್ಷಮೆ ಕೇಳಿದ್ದು?" ಅಂತ ಭಾವ ಫೋನಿನಲ್ಲಿ ನಕ್ಕರು. ತಮಾಷೆಗೇ ನಕ್ಕಿದ್ದು. ಆದರೂ ನನಗೆ ಚುಚ್ಚಿತು.

2020ರ ಜನವರಿ 12, ಭಾನುವಾರ. ನಮ್ಮ ಮನೆ ಕೆನಡಾದ ಟೊರೊಂಟೊದ ಪೂರ್ವದ ಅಂಚಿನಲ್ಲಿದೆ. ಬೆಳಿಗ್ಗೆ 7:23ಕ್ಕೆ ಮನೆಯ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಪಿಕರಿಂಗ್ ಅಣುಸ್ಥಾವರದಲ್ಲಿ ಏನೋ ಘಟನೆ ನಡೆದಿದೆ, ವಿಕಿರಣ ಸೋರಿಲ್ಲ, ಹತ್ತು ಕಿಲೋಮೀಟರ್ ಒಳಗಿರುವವರು ಸದ್ಯಕ್ಕೆ ಏನೂ ಮಾಡಬೇಕಿಲ್ಲ ಅಂತ ಮೆಸೇಜು. ಒಂಟಾರಿಯೊ ಪ್ರಾಂತ್ಯದ ಉದ್ದಗಲಕ್ಕೂ ಅದೇ ಮೆಸೇಜು ಹೋಗಿತ್ತು. ಏನೂ ಮಾಡಬೇಡಿ ಅಂದರೆ ಜನ ಸುಮ್ಮನಿರುತ್ತಾರಾ? ಹೆಂಡತಿ ಪಾಸ್‌ಪೋರ್ಟ್ ಹುಡುಕತೊಡಗಿದಳು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಪೆಟ್ರೋಲ್ ತುಂಬಿಸಿಕೊಳ್ಳಿ ಅಂದರು, ಇನ್ನೊಬ್ಬರು ಕಿಟಕಿ ಮುಚ್ಚಿ ಅಂದರು.

9:11ಕ್ಕೆ ಎರಡನೇ ಮೆಸೇಜು ಬಂತು. ಮೊದಲಿನದು ತಪ್ಪಾಗಿ ಹೋದದ್ದು, ಸ್ಥಾವರದಲ್ಲಿ ಏನೂ ಆಗಿಲ್ಲ. ಅದೇ ದಿನ ಪ್ರಾಂತ್ಯದ ಸಾಲಿಸಿಟರ್ ಜನರಲ್ (ಇಲ್ಲಿ ಅದು ಮಂತ್ರಿಯ ಹುದ್ದೆ) ಸಿಲ್ವಿಯಾ ಜೋನ್ಸ್ ಕ್ಷಮೆ ಕೇಳಿದರು, ತನಿಖೆಯನ್ನೂ ಘೋಷಿಸಿದರು. ಟೊರೊಂಟೊದ ಮೇಯರ್, ಪಿಕರಿಂಗ್‌ನ ಮೇಯರ್ ಇಬ್ಬರೂ ಉತ್ತರ ಬೇಕು ಅಂತ ಹಟ ಹಿಡಿದರು. ಫೆಬ್ರವರಿ ಮುಗಿಯುವುದರೊಳಗೆ ವರದಿ ಹೊರಬಂತು. ನನ್ನಂಥ ಯಾರು ಬೇಕಾದರೂ ಓದಬಹುದಾದ ವರದಿ.

ಓದಿದೆ ಕೂಡ. ತುರ್ತು ವಿಭಾಗದ ಅಧಿಕಾರಿಯೊಬ್ಬರು ಪಾಳಿ ಬದಲಾಗುವ ಹೊತ್ತಿನ ಮಾಮೂಲಿ ಪರೀಕ್ಷೆ ಮಾಡುತ್ತಿದ್ದರು. ತರಬೇತಿಯ ವ್ಯವಸ್ಥೆಯಲ್ಲಿದ್ದೇನೆ ಅಂದುಕೊಂಡಿದ್ದರು, ಇದ್ದದ್ದು ನಿಜವಾದದ್ದರಲ್ಲಿ. ತಪ್ಪು ಬೇಗನೇ ಗೊತ್ತಾಯಿತು. ಆದರೆ ತಪ್ಪಾಗಿ ಹೋದ ಎಚ್ಚರಿಕೆಯನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತರಬೇತಿ ಸಾಲದು, ನಿಯಮ ಸ್ಪಷ್ಟವಿಲ್ಲ, ಒಳಗೊಳಗೇ ಮಾತುಕತೆ ಸರಿಯಿಲ್ಲ ಅಂತ ಸರ್ಕಾರ ತನ್ನ ಬಗ್ಗೆ ತಾನೇ ಬರೆದುಕೊಂಡಿತ್ತು. ಒಬ್ಬನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ.

ಇಷ್ಟನ್ನೂ ಭಾವನಿಗೆ ಹೇಳಿದ್ದಕ್ಕೇ ಅವರು ನಕ್ಕದ್ದು.

ಭಾವ ಉತ್ತರ ಕನ್ನಡದ ಕದ್ರಾ ಕಡೆಯವರು. ನನಗೆ ಪಿಕರಿಂಗ್ ಎಷ್ಟು ಹತ್ತಿರವೋ ಅವರಿಗೆ ಕೈಗಾ ಸುಮಾರು ಅಷ್ಟೇ ಹತ್ತಿರ. ಹಾಗೆ ನೋಡಿದರೆ ಈ ಎರಡು ಸ್ಥಾವರಗಳೂ ನೆಂಟರೇ. ರಾಜಸ್ಥಾನದ ರಾವತ್‌ಭಾಟಾದಲ್ಲಿ ವಿದ್ಯುತ್ ತಯಾರಿಸುವ ನಮ್ಮ ಮೊದಲ ಭಾರಜಲ (ಮಾಮೂಲಿ ನೀರಿಗಿಂತ ತೂಕದ ನೀರು ಬಳಸುವ) ರಿಯಾಕ್ಟರ್‌ಗೆ ಕೈ ಹಚ್ಚಿದ್ದು ಕೆನಡಾ. 1974ರ ಪೋಖ್ರಾನ್ ಅಣು ಪರೀಕ್ಷೆ ಆದಮೇಲೆ ಅವರು ದೂರ ಸರಿದರು. ನಮ್ಮವರು ಆ ವಿದ್ಯೆಯನ್ನು ತಾವೇ ಬೆಳೆಸಿಕೊಂಡು ಕೈಗಾದವರೆಗೂ ಬಂದರು. ಆದರೆ ತಪ್ಪಾದಾಗ ಬಾಯಿ ಬಿಡುವ ರೂಢಿ ಮಾತ್ರ ಬೆಳೆಯಲಿಲ್ಲ.

ಕೈಗಾದಲ್ಲಿ 2009ರ ನವೆಂಬರ್‌ನಲ್ಲಿ ಆದದ್ದು ಸುಳ್ಳು ಗಂಟೆ ಆಗಿರಲಿಲ್ಲ. ಕಾರ್ಮಿಕರು ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ಇದ್ದ ಭಾರಜಲ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಜನರ ಮೂತ್ರದಲ್ಲಿ ಟ್ರಿಟಿಯಂ ಜಾಸ್ತಿ ಕಂಡಿತು. ಊರಿಗೆ ಇದು ಗೊತ್ತಾದದ್ದು ಕೆಲವು ದಿನ ಕಳೆದ ಮೇಲೆ. ಒಳಗಿನವರದ್ದೇ ಕಿಡಿಗೇಡಿತನ ಅಂದರು ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್. ಗಾಬರಿ ಬೇಡ ಅಂದರು ಪ್ರಧಾನಿ ಮನಮೋಹನ್ ಸಿಂಗ್. ಪೊಲೀಸರಿಗೆ ದೂರು ಹೋಯಿತು, ತನಿಖೆ ಅಂದರು. ಬೆರೆಸಿದವರು ಯಾರು, ಯಾಕೆ ಬೆರೆಸಿದರು? ಕದ್ರಾ, ಮಲ್ಲಾಪುರದ ಜನಕ್ಕೆ ಇವತ್ತಿಗೂ ಯಾರೂ ಹೇಳಿಲ್ಲ. ಕುಡಿಯುವ ನೀರಿಗೆ ಹಾಗೆ ಆದದ್ದಕ್ಕೆ ಕ್ಷಮಿಸಿ ಅಂದ ಮಂತ್ರಿಯ ನೆನಪು ಭಾವನಿಗಿಲ್ಲ. ಅದಕ್ಕೇ ಇಲ್ಲಿನ ಕ್ಷಮೆ ಅವರಿಗೆ ಜೋಕು.

ಇನ್ನೂ ಹಿಂದಕ್ಕೆ ಹೋದರೆ, 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಡೋಮ್‌ನ ಕಾಂಕ್ರೀಟೇ ಕಳಚಿ ಬಿತ್ತು. ಕೆಲಸಗಾರರಿಗೆ ಗಾಯವಾಯಿತು. ಪ್ರಶ್ನೆ ಕೇಳುವವರು ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಶಿವರಾಮ ಕಾರಂತರು ಇದೇ ಕೈಗಾ ವಿಷಯ ಹಿಡಿದು 1989ರಲ್ಲಿ ಲೋಕಸಭೆಗೆ ನಿಂತರು, ನಾವು ಸೋಲಿಸಿ ಕಳಿಸಿದೆವು.

ಉತ್ತರ ಕೇಳಿ ಪಡೆಯಬೇಕಾದವರಾದರೂ ಯಾರು? ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹುಟ್ಟಿದ್ದು 1983ರಲ್ಲಿ, ಸರ್ಕಾರಿ ಆದೇಶವೊಂದರಿಂದ. ಅದು ಲೆಕ್ಕ ಒಪ್ಪಿಸಬೇಕಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ, ಆ ಇಲಾಖೆಯ ಕೈಕೆಳಗೇ ಕೈಗಾ ನಡೆಸುವ ಎನ್‌ಪಿಸಿಐಎಲ್. ಅಪ್ಪನೇ ಮೇಷ್ಟ್ರಾಗಿ ಮಗನ ಪೇಪರ್ ತಿದ್ದಿದ ಹಾಗೆ. ಈ ಮಂಡಳಿಗೆ ಸ್ವತಂತ್ರ ಬಲ ಇಲ್ಲ ಅಂತ 2012ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯೇ ಬರೆದಿದ್ದರು.

ಪಿಕರಿಂಗ್‌ನ ಸುಳ್ಳು ಗಂಟೆಯ ಎರಡೇ ದಿನದಲ್ಲಿ ಇಲ್ಲಿ 32 ಸಾವಿರಕ್ಕೂ ಹೆಚ್ಚು ಮನೆಗಳವರು, ವಿಕಿರಣ ಸೋರಿದರೆ ನುಂಗುವ ಅಯೋಡೈಡ್ ಮಾತ್ರೆಗೆ ಅರ್ಜಿ ಹಾಕಿದರು. ತಿಂಗಳಿಗೆ ನೂರು ಇನ್ನೂರು ಅರ್ಜಿ ಬರುತ್ತಿದ್ದ ಜಾಗದಲ್ಲಿ. ಸ್ಥಾವರದಿಂದ 50 ಕಿಲೋಮೀಟರ್ ಒಳಗಿರುವವರಿಗೆ ಇದು ಪುಕ್ಕಟೆ. ನಾವೂ ಹಾಕಿದೆವು. ಪೋಸ್ಟಿನಲ್ಲಿ ಬಂತು. ರೇಷನ್ ಕಾರ್ಡಿನ ಜೆರಾಕ್ಸ್ ಇಲ್ಲ, ತಹಸೀಲ್ದಾರರ ಸೀಲಿಲ್ಲ. ಥೈರಾಯ್ಡ್ ಗ್ರಂಥಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಆ ಮಾತ್ರೆ ಕೆಲಸ ಮಾಡಲ್ಲ, ಗೊತ್ತು. ಆದರೂ ಔಷಧಿ ಡಬ್ಬಿಯಲ್ಲಿ ಅಮೃತಾಂಜನದ ಪಕ್ಕ ಅದನ್ನು ಇಟ್ಟಾಗ, ನನ್ನ ಭಯಕ್ಕೆ ಸರ್ಕಾರದಲ್ಲಿ ಯಾರೋ ಬೆಲೆ ಕೊಟ್ಟಿದ್ದಾರೆ ಅನ್ನಿಸಿತು.

ಇಷ್ಟೆಲ್ಲ ಹೊಗಳಿದ ಮೇಲೆ ಕೆಲವನ್ನು ಒಪ್ಪಿಕೊಳ್ಳಲೇಬೇಕು, ಭಾವ ಬಿಡಲ್ಲ. ಇಲ್ಲೂ ಎರಡು ಮೆಸೇಜಿನ ನಡುವೆ 108 ನಿಮಿಷ ಕಳೆಯಿತು. ನಿಜವಾದ ಅಪಘಾತ ಆಗಿದ್ದರೆ ಮಂತ್ರಿ ಇಷ್ಟೇ ಬೇಗ ಬಾಯಿ ಬಿಡುತ್ತಿದ್ದರಾ ಅಂದರೆ ನಾನು ಗ್ಯಾರಂಟಿ ಕೊಡಲ್ಲ. ಚಾಕ್ ರಿವರ್‌ನ ಹಳೇ ರಿಯಾಕ್ಟರ್ ವಿಷಯವೂ ಇದೆ. 2007ರ ಕೊನೆಯಲ್ಲಿ, ತುರ್ತು ಪಂಪುಗಳ ವ್ಯವಸ್ಥೆ ಸರಿಯಾಗುವವರೆಗೆ ಅದನ್ನು ಓಡಿಸಬೇಡಿ ಅಂತ ಕೆನಡಾದ ಅಣು ಸುರಕ್ಷತಾ ಆಯೋಗದ ಮುಖ್ಯಸ್ಥೆ ಲಿಂಡಾ ಕೀನ್ ಪಟ್ಟು ಹಿಡಿದರು. ಅಲ್ಲಿ ತಯಾರಾಗುತ್ತಿದ್ದ ವೈದ್ಯಕೀಯ ಐಸೋಟೋಪು (ರೋಗ ಪತ್ತೆಗೆ ಬಳಸುವ ವಿಕಿರಣ ವಸ್ತು) ಸಿಗುತ್ತಿಲ್ಲ ಅಂತ ಪಾರ್ಲಿಮೆಂಟೇ ತುರ್ತು ಕಾನೂನು ಮಾಡಿ ಓಡಿಸಿತು. ಜನವರಿಯಲ್ಲಿ ಆಕೆಯ ಅಧ್ಯಕ್ಷ ಸ್ಥಾನವೂ ಹೋಯಿತು. ಕೇಳಿದ್ದಕ್ಕೆ ಶಿಕ್ಷೆ ಕೊಡುವುದು ನಮ್ಮೊಬ್ಬರದೇ ವಿದ್ಯೆ ಅಲ್ಲ, ಅಲ್ವಾ?

ಇನ್ನು ಕೈಗಾ. 2009ರಲ್ಲಿ ಟ್ರಿಟಿಯಂ ಕಂಡುಹಿಡಿದದ್ದು ಅಲ್ಲಿನ ಮಾಮೂಲಿ ಮೂತ್ರ ಪರೀಕ್ಷೆಯೇ, ಅದನ್ನು ಹೇಳದಿದ್ದರೆ ಅನ್ಯಾಯ. ಮೊದಲ ಘಟಕ 962 ದಿನ ನಿಲ್ಲದೆ ಓಡಿ 2018ರ ಕೊನೆಯ ದಿನ ವಿಶ್ವದಾಖಲೆ ಮಾಡಿ ನಿಂತಿತು. 2020ರಲ್ಲಿ ಆ ದಾಖಲೆ ಮುರಿದದ್ದು ಯಾರು ಗೊತ್ತಾ? ಪಿಕರಿಂಗ್‌ನಿಂದ ಅಷ್ಟೇನೂ ದೂರವಿಲ್ಲದ ಡಾರ್ಲಿಂಗ್ಟನ್. ಇಲ್ಲಿನ ಗೆಳೆಯರಿಗೆ ಕೈಗಾದ ಸಾಧನೆ ಹೇಳುವಾಗ ನನ್ನ ದನಿಯೂ ಏರುತ್ತದೆ. ನಿಯಂತ್ರಣ ಮಂಡಳಿಗೂ 2025ರ ಹೊಸ ಕಾಯ್ದೆಯಿಂದ ಕಾನೂನಿನ ಬಲ ಸಿಕ್ಕಿದೆ.

ಒಳ್ಳೆಯದು. ಕೈಗಾದಲ್ಲಿ ಇನ್ನು 5 ಮತ್ತು 6ನೇ ಘಟಕ ಬರಲಿವೆ, ತಲಾ 700 ಮೆಗಾವಾಟ್. ಅವು ಶುರುವಾಗುವ ಮೊದಲು ಮಂಡಳಿಯವರು ಒಮ್ಮೆ ಮಲ್ಲಾಪುರಕ್ಕೆ ಬರಲಿ. ಆ ಕೂಲರ್ ತನಿಖೆಯಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಜನರೆದುರು ಕನ್ನಡದಲ್ಲಿ ಓದಿ ಹೇಳಲಿ. ಕೇಳಲು ಭಾವ ಬರುತ್ತಾರಂತೆ, ಅಡಿಕೆ ಕೊಯ್ಲಿನ ಹೊತ್ತು ಆಗಿರದಿದ್ದರೆ.