ಹಿಂದ ನೋಡೋ ತಮ್ಮಾ!

ನಮ್ಮ ಸೋಫಾ ಸಂದಿಯಲ್ಲಿ ಬ್ಯಾಟರಿ ಹಾಕಿದ ಪ್ಲಾಸ್ಟಿಕ್ ಕೋಲೊಂದು ಸಿಕ್ಕಿಕೊಂಡಿದೆ. ರಾತ್ರಿ ದೀಪ ಆರಿಸಿದರೆ ಒಳಗಿನಿಂದಲೇ ಕೆಂಪು, ಹಸಿರು, ನೀಲಿ ಅಂತ ಮಿಣಮಿಣ ಮಾಡುತ್ತದೆ. 8 ಪೌಂಡ್ ಕೊಟ್ಟಿದ್ದು. ಇಂಥ ಸಾಮಾನು ಎರಡು ದಿನಕ್ಕೆ ಕೆಡಬೇಕು, ಅದು ನ್ಯಾಯ. ಇದು ಮೂರು ವಾರ ಆದರೂ ಸಾಯುತ್ತಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ಮಗಳನ್ನು ಪ್ಯಾಂಟೊಗೆ ಕರೆದೊಯ್ದದ್ದಕ್ಕೆ ಉಳಿದ ಗುರುತು ಅದು. ಪ್ಯಾಂಟೊ ಅಂದರೆ ಪ್ಯಾಂಟೊಮೈಮ್, ಕ್ರಿಸ್‌ಮಸ್ ಹೊತ್ತಿಗೆ ಇಂಗ್ಲಿಷರು ಮನೆಮಂದಿಗೆಲ್ಲ ಅಂತ ಆಡುವ ತಮಾಷೆ ನಾಟಕ. ಇಂಗ್ಲೆಂಡಿಗೆ ಬಂದು ಆರು ವರ್ಷ ಆಯಿತು, ಹೇಗೋ ತಪ್ಪಿಸಿಕೊಂಡು ಬಂದಿದ್ದೆ. ಈ ಸಲ ‘ಕ್ಲಾಸಲ್ಲಿ ಎಲ್ರೂ ಹೋಗ್ತಿದಾರೆ’ ಅಂತ ಹಟ. ಬಾದಾಮಿ ಕಡೆಯಿಂದ ಅವ್ವ ಬೇರೆ ಬಂದಿದ್ದಳು. ನಾಲ್ಕು ಟಿಕೆಟ್ಟಿಗೆ 118 ಪೌಂಡ್. ರೂಪಾಯಿ ಲೆಕ್ಕ ಅವ್ವನಿಗೆ ಹೇಳಲಿಲ್ಲ.

ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಚಿಂತೆಯಿಲ್ಲ, ಅದು ಮೂಕನಾಟಕ ಅಂತ ಧೈರ್ಯ ಹೇಳಿದ್ದೆ. ನಿಘಂಟಿನಲ್ಲಿ ಹಾಗೇ ಇದೆ. ಒಂದು ಕಾಲಕ್ಕೆ ನಿಜವೂ ಆಗಿತ್ತಂತೆ. ಲಂಡನ್ನಿನಲ್ಲಿ ಮಾತಿನ ನಾಟಕ ಆಡಲು ರಾಜರ ಪರವಾನಗಿ ಬೇಕಿತ್ತು. ಅದು ಇದ್ದದ್ದು ಒಂದೆರಡು ಥಿಯೇಟರಿಗೆ ಮಾತ್ರ. ಉಳಿದವರು ಕುಣಿದು, ಹಾಡಿ, ಲಾಗ ಹಾಕಿ ಹೊಟ್ಟೆ ಹೊರೆಯಬೇಕು. 1843ರ ಕಾಯ್ದೆ ಬಂದ ಮೇಲೆ ಎಲ್ಲರಿಗೂ ಬಾಯಿ ಬಿಡುವ ಹಕ್ಕು ಸಿಕ್ಕಿತು. ಅವತ್ತು ಬಿಟ್ಟ ಬಾಯಿ ಇನ್ನೂ ಮುಚ್ಚಿಲ್ಲ.

ಪರದೆ ಎದ್ದ ಕೂಡಲೇ ಒಬ್ಬ ಓಡಿ ಬಂದು ‘ಹಲೋ ಮಕ್ಕಳೇ’ ಅಂದ. ಎಲ್ಲರೂ ಹಲೋ ಅಂದರು. ‘ಕೇಳಿಸಲಿಲ್ಲ!’ ಅಂದ. ಕೇಳಿಸಿತ್ತು. ಕೇಳಿಸಲಿಲ್ಲ ಅಂದರೆ ಕಿವಿ ತೋರಿಸಿಕೊಳ್ಳಲಿ, ನಾನೇಕೆ ಗಂಟಲು ಹರಿದುಕೊಳ್ಳಬೇಕು? ನನಗೆ ಯಾರಾದರೂ ಎರಡು ಸಲ ಕೂಗಿಸಿದರೆ ಮೈ ಉರಿಯುತ್ತದೆ. ಸುಮ್ಮನೆ ಕೂತೆ. ಹೆಂಡತಿ ಮೊಣಕೈಯಿಂದ ತಿವಿದಳು. ಎರಡು ಸಾಲು ಮುಂದೆ ನಮ್ಮ ಪಕ್ಕದ ಮನೆಯವರು ಕೂತಿದ್ದರು. ಬೆಳಿಗ್ಗೆ ಏಳಕ್ಕೆ ಚಟ್ನಿಗೆ ಮಿಕ್ಸಿ ಹಾಕಿದ್ದಕ್ಕೆ ‘ದಯವಿಟ್ಟು ಸದ್ದು’ ಅಂತ ಚೀಟಿ ಬರೆದು ಬಾಗಿಲ ಸಂದಿಗೆ ಹಾಕಿದ ಮಹಾನುಭಾವರು. ಖಳನಾಯಕ ಬಂದದ್ದೇ ತಡ, ಆ ಮನುಷ್ಯ ಎದ್ದು ನಿಂತು, ಎರಡೂ ಕೈ ಬಾಯಿಗಿಟ್ಟು, ‘ಬೂ...’ ಅಂತ ಊಳಿಟ್ಟರು.

ಅವ್ವನಿಗೆ ವಿವರಿಸೋಣ ಅಂತ ನಾನು ತಯಾರಾಗಿ ಬಂದಿದ್ದೆ. ಜ್ಯಾಕ್ ಅನ್ನೋ ಹುಡುಗ, ಹಸು ಮಾರ್ತಾನೆ, ಕಾಳು ತರ್ತಾನೆ, ಅವನ ಅವ್ವನ ಪಾತ್ರ ಗಂಡಸರೇ ಮಾಡ್ತಾರೆ, ಹೀಗೆ. ‘ಗಂಡಸ ಅಂತ ಗೊತ್ತಾತೇಳು. ಸೀರಿ ಉಡೋದು ಕಲಿಸಿದ್ರ ಇನ್ನೂ ಚಲೋ ಮಾಡ್ತಿದ್ದ’ ಅಂದಳು. ಹಸು ಬಂತು. ಚರ್ಮದೊಳಗೆ ಇಬ್ಬರು, ಮುಂಗಾಲಿಗೊಬ್ಬ, ಹಿಂಗಾಲಿಗೊಬ್ಬ. ಅವ್ವ ಮುಖ ಸಿಂಡರಿಸಿದಳು. ‘ಗುಬ್ಬಿ ಕಂಪನ್ಯಾಗ ಖರೇ ಆನಿ ತಂದು ನಿಲ್ಲಸ್ತಿದ್ರಂತ.’ ಅದೂ ನಿಜವೇ. ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ಆನೆ, ಕುದುರೆ ಎರಡನ್ನೂ ರಂಗಕ್ಕೆ ಹತ್ತಿಸಿದವರು.

ಹಸುವಿನಿಂದ ಹಾಲು, ಹಾಲಿನಿಂದ ನಮ್ಮ ಸೋದರಮಾವ. ಇದನ್ನು ಹೇಳಲೇಬೇಕು.

ಐವತ್ತು ವರ್ಷದ ಹಿಂದಿನ ಮಾತು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ತಿಂಗಳುಗಟ್ಟಲೆ ಕಂಪನಿ ನಾಟಕ, ಒಂದು ಥಿಯೇಟರಿನ ಪೇಟಿ ಸದ್ದು ಇನ್ನೊಂದಕ್ಕೆ ಕೇಳಬೇಕು, ಹಾಗೆ ಒತ್ತೊತ್ತಾಗಿ. ಮನೆಮಂದಿಯೆಲ್ಲ ರೊಟ್ಟಿ ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಹೋಗಿದ್ದರು. ಮಾವನಿಗೆ ಹತ್ತೊಂಬತ್ತು. ಎರಡನೇ ಶೋ, ನಡುರಾತ್ರಿ ಮೀರಿದೆ. ನಾಟಕದಲ್ಲಿ ಆಸ್ತಿಗಾಗಿ ಮೈದುನ ಅತ್ತಿಗೆಯ ಹಾಲಿಗೆ ವಿಷ ಬೆರೆಸುತ್ತಾನೆ. ಆಕೆ ಏನೂ ಅರಿಯದೆ ಹಾಡುತ್ತಾ ಬಂದು ಲೋಟ ಎತ್ತುತ್ತಾಳೆ. ಮಾವ ಎದ್ದು ನಿಂತ.

‘ಏ ಯವ್ವಾ, ಕುಡೀಬ್ಯಾಡ! ಇಸಾ ಹಾಕ್ಯಾರ ಅದ್ರಾಗ!’

ಆಕೆಯ ಲೋಟ ತುಟಿಯ ಹತ್ತಿರ ನಿಂತುಬಿಟ್ಟಿತು. ಪೇಟಿ ಮಾಸ್ತರ ತಲೆ ಎತ್ತಿ ನೋಡಿದ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮೈದುನನ ಪಾತ್ರದವನು ಮೀಸೆ ತಿರುವುತ್ತಾ ಮುಂದೆ ಬಂದು ಕೇಳಿದ: ‘ಯಾಕಪಾ ತಮ್ಮಾ, ನಿನಗ ಬೇಕಾಗಿತ್ತೇನು? ಬಾ, ನೀನ ಕುಡಿ.’

ತಗಡು ಹಾರಿಹೋಗುವ ಹಾಗೆ ಜನ ನಕ್ಕರು. ‘ಒನ್ಸ್ ಮೋರ್’ ಬೇರೆ ಬಿತ್ತು. ಅಜ್ಜ ಕಿವಿ ಹಿಡಿದು ಮಾವನನ್ನು ಹೊರಗೆ ಎಳೆದುಕೊಂಡು ಹೋದ. ಹೆಂಗಸರ ಕಡೆ ಕೂತಿದ್ದ ಅವ್ವ ಸೆರಗು ಮುಖಕ್ಕೆ ಎಳೆದುಕೊಂಡಳು. ಯಾರ ಹುಡುಗ ಅಂತ ಪಕ್ಕದವಳು ಕೇಳಿದರೆ ‘ಯಾಂವೋ ಏನೋ’ ಅಂದಳಂತೆ.

ಅಲ್ಲಿಂದ ಮಾವನ ಹೆಸರು ಹಾಲಪ್ಪ. ಹೆಣ್ಣು ನೋಡಲು ಹೋದಾಗ ಚಹಾ ಬದಲು ಬೇಕಂತಲೇ ಹಾಲು ತಂದಿಟ್ಟು, ‘ಕುಡೀರಿ, ಏನೂ ಹಾಕಿಲ್ಲ’ ಅಂದರು. ಬೀಗರಿಗೂ ಸುದ್ದಿ ಮುಟ್ಟಿತ್ತು. ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳಾದರೂ ಹೆಸರು ಹೋಗಲಿಲ್ಲ. ಮಾವ ಮತ್ತೆ ನಾಟಕದ ಥಿಯೇಟರ್ ಒಳಗೆ ಕಾಲಿಡಲಿಲ್ಲ. ಜಾತ್ರೆಗೆ ಹೋದರೂ ಎತ್ತು ಕಾಯುತ್ತಾ ಚಕ್ಕಡಿ ಹತ್ತಿರವೇ ಮಲಗುತ್ತಿದ್ದ. ಆಕೆ ಹಾಲು ಕುಡಿದಳೋ ಇಲ್ಲವೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅವ್ವನಿಗೆ ಗೊತ್ತು. ಅವನು ಕೇಳಿಲ್ಲ, ಇವಳು ಹೇಳಿಲ್ಲ.

ಪ್ಯಾಂಟೊಗೆ ಬರೋಣ. ಮಧ್ಯಂತರದಲ್ಲಿ ಅಂಗೈಯಗಲದ ಡಬ್ಬಿಯಲ್ಲಿ ಐಸ್‌ಕ್ರೀಮ್. ಬೆಲೆ ಬರೆದರೆ ಮತ್ತೆ ಸಿಟ್ಟು ಬರುತ್ತದೆ. ಕೋಲು ಕೊಂಡದ್ದೂ ಆಗಲೇ. ಮುಂದಿನ ಒಂದು ಗಂಟೆ ಹಿಂದಿನ ಸಾಲಿನ ಮಗು ತನ್ನ ಕೋಲಿನಿಂದ ನನ್ನ ತಲೆಗೆ ತಾಳ ಹಾಕಿತು.

ಆಮೇಲೆ ಬೆಂಚಿನ ದೃಶ್ಯ ಬಂತು. ನಾಲ್ಕು ಜನ ಕತ್ತಲ ಕಾಡಲ್ಲಿ ಬೆಂಚಿನ ಮೇಲೆ ಕೂತು ಹಾಡುತ್ತಾರೆ. ಬಿಳಿ ಬಟ್ಟೆ ಹೊದ್ದ ದೆವ್ವ ಹಿಂದಿನಿಂದ ಬಂದು ಒಬ್ಬೊಬ್ಬರನ್ನೇ ಓಡಿಸುತ್ತದೆ. ಇಡೀ ಥಿಯೇಟರ್ ‘ನಿನ್ನ ಹಿಂದೆ! ನಿನ್ನ ಹಿಂದೆ!’ ಅಂತ ಕೂಗುತ್ತಿದೆ. ಆ ಗದ್ದಲದಲ್ಲಿ ನನ್ನ ಎಡಗಿವಿಗೆ ಬೇರೆಯೇ ಒಂದು ದನಿ ಬಡಿಯಿತು. ಸ್ವೆಟರಿನ ಮೇಲೆ ಸೆರಗು ಬಿಗಿದುಕೊಂಡು ಅವ್ವ ಎದ್ದು ನಿಂತಿದ್ದಳು.

‘ಹಿಂದ ನೋಡೋ ತಮ್ಮಾ! ಹಿಂದ ನೋಡೋ! ನಿನ್ನ ಹಿಂದ ಐತೋ ಅದು!’

ಪಕ್ಕದ ಮನೆಯವರು ತಿರುಗಿ ನೋಡಿ ಹೆಬ್ಬೆರಳು ಎತ್ತಿ ತೋರಿಸಿದರು. ಆವತ್ತು ನನ್ನ ಮನೆಯವರಲ್ಲಿ ಬಾಯಿ ಬಿಡದೆ ಕೂತವನು ನಾನೊಬ್ಬನೇ.

ಮರುದಿನ ಬೆಳಿಗ್ಗೆ ಅವ್ವ ಸೋಫಾ ಮೇಲೆ ಕೂತು ಮಾವನಿಗೆ ವಿಡಿಯೋ ಕಾಲ್ ಮಾಡಿದಳು. ಮಾವ ಎಂದಿನಂತೆ ಫೋನು ಓರೆ ಹಿಡಿದಿದ್ದ. ಅರ್ಧ ಹಣೆ, ಅರ್ಧ ತೊಲೆ ಕಾಣುತ್ತಿತ್ತು.

‘ಇಲ್ಲೆ ಎಲ್ಲಾರೂ ಒದರ್ತಾರೋ ತಮ್ಮಾ. ಒದರಲಿಲ್ಲಂದ್ರ ಮತ್ತ ಒದರಸ್ತಾರ.’

‘ರೊಕ್ಕಾ ಕೊಟ್ಟು?’

‘ರೊಕ್ಕಾ ಕೊಟ್ಟು.’

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದ. ಹಣೆ ಕದಲಲಿಲ್ಲ.

‘ಮತ್ತ ಅಂವಾ ತಿರಗಿ ನೋಡಿದ್ನೇನು?’

‘ನೋಡ್ದಾ. ಇಂವಾ ಇತ್ತಾಗ ನೋಡೂದ್ರಾಗ ಅದು ಅತ್ತಾಗ ಹೋಗಿತ್ತು.’

‘ಹಂಗಾರ ಅಷ್ಟೂ ಮಂದಿ ಒದರಿದ್ದು ದಂಡ,’ ಅಂದ ಮಾವ. ಆಮೇಲೆ, ‘ಟಿಕೇಟ ಎಷ್ಟಂತ?’

ಅವ್ವ ನನ್ನ ಕಡೆ ನೋಡಿದಳು. ನಾನು ಸೋಫಾ ಸಂದಿಗೆ ಕೈ ಹಾಕಿ ಕೋಲು ಹುಡುಕತೊಡಗಿದೆ.