ಅಮ್ಮನ ಮಾತ್ರೆ ಚೀಲ

ಹೋದ ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಅಮ್ಮ ಹಿತ್ತಲಲ್ಲಿ ಬಿದ್ದರು. ಎರಡು ದಿನದಿಂದ ಭೇದಿ ಆಗುತ್ತಿತ್ತು. ತೊಟ್ಟಿಯಿಂದ ನೀರು ತೆಗೆಯಲು ಬಗ್ಗಿ ಎದ್ದಿದ್ದಾರೆ, ಕಣ್ಣು ಕತ್ತಲೆ ಬಂದಿದೆ. ಕಲ್ಲು ತಗುಲಿ ಹಣೆಗೆ ಮೂರು ಹೊಲಿಗೆ. ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮಾವಿನಕಾಯಿ ಕೀಳುವ ಕಾಲ, ಎಲ್ಲರೂ ತೋಟದಲ್ಲಿದ್ದರು. ಪಕ್ಕದ ಮನೆಯವರು ನೋಡಿ ಫೋನ್ ಮಾಡಿದರು. ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಬಂದೆವು.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.1 ಬಂತು. ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಅಂಶ ಅದು. ಕೆಲವು ತಿಂಗಳ ಹಿಂದೆ 0.9 ಇತ್ತು. ಸೋಡಿಯಂ 135ರ ಮೇಲಿರಬೇಕು, ಅಮ್ಮನದು 124. ಅವತ್ತು ಅಮ್ಮ ನನ್ನನ್ನು ಎರಡು ಸಲ ಚಿಕ್ಕಮ್ಮನ ಹೆಸರಿನಿಂದ ಕರೆದರು. ಬಿದ್ದ ಗಾಬರಿಗೆ ಹಾಗಾಗಿದೆ ಅಂದುಕೊಂಡೆ. ಉಪ್ಪಿನಂಶ ಅಷ್ಟು ಇಳಿದರೆ ವಯಸ್ಸಾದವರಿಗೆ ಹಾಗೆ ಗಲಿಬಿಲಿ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. "ಏನೇನು ಮಾತ್ರೆ ತಗೊಳ್ತಾರೆ?" ಅಂದರು. "ಬಿಪಿ ಮಾತ್ರೆ" ಅಂದೆ. "ಯಾವ ಬಿಪಿ ಮಾತ್ರೆ?" ಅಂದರು. ನನಗೆ ಹೇಳಲು ಬರಲಿಲ್ಲ. ಆರು ವರ್ಷದಿಂದ ಅಮ್ಮ ದಿನಾ ನುಂಗುತ್ತಿರುವ ಮಾತ್ರೆಯ ಹೆಸರು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಿಸಿ ಅಂದರು. ತಮ್ಮ ಸಂಜೆ ಒಂದು ಬಟ್ಟೆ ಅಂಗಡಿ ಚೀಲ ತಂದ. ಡಾಕ್ಟರು ಅದನ್ನು ಮೇಜಿನ ಮೇಲೆ ಸುರಿದು, ಒಂದೊಂದೇ ಶೀಟು ಎತ್ತಿ, ಅಮ್ಮ ಯಾವುದನ್ನು ಯಾವಾಗ ಶುರು ಮಾಡಿದರು ಅಂತ ಕೇಳುತ್ತಾ ಸಾಲಾಗಿ ಜೋಡಿಸಿದರು. ಆ ಸಾಲು ನೋಡಿದಾಗ ನನಗೆ ಎಲ್ಲಾ ಅರ್ಥವಾಯಿತು.

ಮೊದಲು ಇದ್ದದ್ದು ಟೆಲ್ಮಿಸಾರ್ಟನ್ 40 ಒಂದೇ. ಬಿಪಿ ಚೆನ್ನಾಗಿತ್ತು. ಆಮೇಲೆ ಮಂಡಿ ನೋವು ಶುರುವಾಯಿತು. ನಮ್ಮ ಜಿಲ್ಲೆಯಲ್ಲಿ ಮಂಡಿ, ಸೊಂಟ ಹಿಡಿದುಕೊಂಡು ಕೂರದ ಮನೆ ಕಡಿಮೆ ಅಲ್ವಾ? ಬೋರ್‌ವೆಲ್ ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದು ಮೂಳೆ, ಕೀಲು ಹಿಡಿಯುತ್ತದೆ. ಅಂಥ ನೀರು ಕುಡಿದು ಬೆಳೆದವರು ನಾವು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದ ಊರುಗಳು ಇಲ್ಲಿ ಎಷ್ಟೋ ಇವೆ. ಅದರ ಮೇಲೆ ವಯಸ್ಸು, ತೋಟದ ಕೆಲಸ. ಅಮ್ಮ ಮೆಡಿಕಲ್ ಶಾಪಿನಲ್ಲಿ ಕೇಳಿ ಡೈಕ್ಲೋಫೆನಾಕ್ ತಂದುಕೊಂಡರು. ಮೊದಲು ನೋವು ಬಂದಾಗ ಒಂದು. ಆಮೇಲೆ ದಿನಾ ಎರಡು. ಅದನ್ನು ಅವರು ಮಾತ್ರೆ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. "ಅದು ನೋವಿಗೆ ಕಣೇ" ಅಂದರು.

ಈ ಜಾತಿಯ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಬಿಪಿ ಏರಿಸುತ್ತವೆ. ಟೆಲ್ಮಿಸಾರ್ಟನ್‌ನಂಥ ಮಾತ್ರೆಯ ಶಕ್ತಿಯನ್ನೂ ಕುಗ್ಗಿಸುತ್ತವೆ. ಅಮ್ಮನ ಬಿಪಿ 160 ದಾಟಿತು. ತೋರಿಸಿದ ಕಡೆ ಆಮ್ಲೋಡಿಪಿನ್ 5 ಸೇರಿಸಿದರು, ಆಮೇಲೆ 10 ಮಾಡಿದರು. ನೋವಿಗೆ ಏನಾದರೂ ತಗೊಳ್ಳುತ್ತೀರಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಅಮ್ಮನೂ ಹೇಳಲಿಲ್ಲ.

10ಕ್ಕೆ ಏರಿಸಿದ ಮೇಲೆ ಕಾಲು ಊದಿತು. ಬೆಳಗ್ಗೆ ಪರವಾಗಿಲ್ಲ, ಸಂಜೆ ಹೊತ್ತಿಗೆ ಚಪ್ಪಲಿ ಹಾಕಲು ಆಗುತ್ತಿರಲಿಲ್ಲ. ಆಮ್ಲೋಡಿಪಿನ್‌ಗೆ ಇದು ತೀರಾ ಸಾಮಾನ್ಯ ತೊಂದರೆ. ಡೋಸ್ ಏರಿದಷ್ಟೂ ಜಾಸ್ತಿ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಮಾತ್ರೆ ರಕ್ತನಾಳವನ್ನು ಅಗಲ ಮಾಡುತ್ತದೆ, ಅಲ್ಲಿಂದ ನೀರು ಸುತ್ತಲಿನ ಮಾಂಸಕ್ಕೆ ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ಈ ಮಾತ್ರೆಯಿಂದ ಮೈಯಲ್ಲಿ ಒಟ್ಟು ನೀರು ಹೆಚ್ಚಾಗುವುದಿಲ್ಲ. ಹಾಗಾಗಿ ಮೂತ್ರ ಹೋಗಿಸುವ ಮಾತ್ರೆ ಕೊಟ್ಟರೂ ಆ ಊತ ಅಷ್ಟಾಗಿ ಇಳಿಯುವುದಿಲ್ಲ. ಕಾಲು ಊದಿದ್ದು ಹೃದಯದಿಂದಲೋ ಕಿಡ್ನಿಯಿಂದಲೋ ಇರಬಹುದು, ಪರೀಕ್ಷೆ ಮಾಡಲೇಬೇಕು, ನಿಜ. ಆದರೆ ಮೊದಲು ಮಾತ್ರೆ ಚೀಟಿ ನೋಡಬೇಕಿತ್ತು. ಇನ್ನೊಂದು ಕ್ಲಿನಿಕ್‌ನಲ್ಲಿ ಊತ ನೋಡಿ ಫ್ಯೂರೋಸಮೈಡ್ ಅನ್ನುವ ಮೂತ್ರದ ಮಾತ್ರೆ ಬರೆದರು. ಅಮ್ಮ ಅದನ್ನೂ ಚೀಲಕ್ಕೆ ಹಾಕಿಕೊಂಡರು.

ಈಗ ಸಾಲು ಪೂರ್ತಿ ಆಯಿತು. ಟೆಲ್ಮಿಸಾರ್ಟನ್, ನೋವಿನ ಮಾತ್ರೆ, ಮೂತ್ರದ ಮಾತ್ರೆ, ಮೇಲೆ ಮೇ ತಿಂಗಳ ಬಿಸಿಲು, ಭೇದಿ. ಡಾಕ್ಟರು ನನಗೆ ಕೋಲಾರದವರಿಗೆ ಅರ್ಥವಾಗುವ ಹಾಗೆ ಹೇಳಿದರು. ಕಿಡ್ನಿಯ ಸೋಸುವ ಜಾಗ ಒಂದು ಕೆರೆ ಅಂದುಕೊಳ್ಳಿ. ನೀರು ಬರುವ ಕಾಲುವೆಯನ್ನು ನೋವಿನ ಮಾತ್ರೆ ಕಿರಿದು ಮಾಡುತ್ತದೆ. ಹೊರಗೆ ಹೋಗುವ ತೂಬನ್ನು ಟೆಲ್ಮಿಸಾರ್ಟನ್ ಅಗಲ ಮಾಡುತ್ತದೆ. ಮೂತ್ರದ ಮಾತ್ರೆ, ಭೇದಿ ಸೇರಿ ಮಳೆಯನ್ನೇ ಇಲ್ಲದ ಹಾಗೆ ಮಾಡುತ್ತವೆ. ಕೆರೆಯಲ್ಲಿ ಇನ್ನೇನು ನಿಲ್ಲುತ್ತದೆ?

ನೋವಿನ ಮಾತ್ರೆ, ಫ್ಯೂರೋಸಮೈಡ್ ಎರಡನ್ನೂ ನಿಲ್ಲಿಸಿದರು. ಟೆಲ್ಮಿಸಾರ್ಟನ್ ಕೆಲವು ದಿನ ತಡೆಹಿಡಿದು, ಕ್ರಿಯಾಟಿನಿನ್ ಇಳಿದ ಮೇಲೆ ಮತ್ತೆ ಕೊಟ್ಟರು. ಆಮ್ಲೋಡಿಪಿನ್ 5ಕ್ಕೆ ಇಳಿಸಿದರು. ಮಂಡಿಗೆ ಪ್ಯಾರಾಸಿಟಮಾಲ್, ಬಿಸಿ ಶಾಖ, ತೊಡೆಗೆ ಬಲ ಬರುವ ವ್ಯಾಯಾಮ. ಎರಡು ವಾರದಲ್ಲಿ ಕಾಲಿನ ಊತ ಇಳಿಯಿತು. ಬಿಪಿ 130ರ ಆಸುಪಾಸಿಗೆ ಬಂತು.

ಈಗ ನನ್ನ ಅಭಿಪ್ರಾಯ. ಪರಿಚಯದ ಒಬ್ಬ ಡಾಕ್ಟರ ಹತ್ತಿರ ಇದನ್ನು ಹೇಳಿಕೊಂಡಾಗ ಅವರು, "ಸೈಡ್ ಎಫೆಕ್ಟ್ ಎಲ್ಲಾ ಹೇಳಿದರೆ ಜನ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ, ಅದಕ್ಕೇ ಜಾಸ್ತಿ ಹೇಳುವುದಿಲ್ಲ" ಅಂದರು. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ನಾನು ಒಪ್ಪುವುದಿಲ್ಲ. ಹೇಳದಿದ್ದರೂ ಜನ ಬಿಡುತ್ತಾರೆ, ಅದೂ ಯಾರಿಗೂ ಹೇಳದೆ. ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಮೆಲ್ಲಗೆ ಒಪ್ಪಿಕೊಂಡರು: "ಕಾಲು ಜಾಸ್ತಿ ಊದಿದ ದಿನ ಬಿಪಿ ಮಾತ್ರೆ ತಗೊಳ್ತಾ ಇರ್ಲಿಲ್ಲ." ಮಾತ್ರೆ ಬರೆದ ದಿನವೇ "ಕಾಲು ಊದಬಹುದು, ಊದಿದರೆ ಬಿಡಬೇಡಿ, ನನ್ನ ಹತ್ತಿರ ಬನ್ನಿ" ಅಂತ ಒಂದು ಮಾತು ಹೇಳಿದ್ದರೆ ಅಮ್ಮ ಅಲ್ಲಿಗೇ ವಾಪಸ್ ಹೋಗುತ್ತಿದ್ದರು. ಶೀಟಿನ ಹಿಂದೆ ಇರುವ ಇಂಗ್ಲಿಷ್ ಅಕ್ಷರ ನನ್ನ ಕಣ್ಣಿಗೇ ಕಾಣುವುದಿಲ್ಲ. ಏಳನೇ ಕ್ಲಾಸು ಓದಿದ ನನ್ನಮ್ಮನಿಗೆ ಬಾಯಿಮಾತೇ ದಾರಿ.

ಕೆಜಿಎಫ್‌ನಲ್ಲಿ ನನ್ನ ಗೆಳತಿಯ ಅಪ್ಪ ಇದ್ದಾರೆ. 2001ರಲ್ಲಿ ಮುಚ್ಚುವವರೆಗೂ ಗಣಿಯಲ್ಲಿ ಕೆಲಸ ಮಾಡಿದವರು. ಒಂದು ವರ್ಷ ಒಣ ಕೆಮ್ಮು. ರಾತ್ರಿ ಮಲಗಲು ಆಗುತ್ತಿರಲಿಲ್ಲ. ಗಣಿ ದೂಳಿನ ಕಾಯಿಲೆ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಎಕ್ಸ್‌ರೇ ತೆಗೆಸಿದರು, ಟಿಬಿಗೆ ಕಫ ಪರೀಕ್ಷೆ ಮಾಡಿಸಿದರು, ಸಿರಪ್ ಬಾಟಲಿಗಳು ಖಾಲಿಯಾದವು. ಕೊನೆಗೆ ನೋಡಿದರೆ ಅವರು ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ ರಾಮಿಪ್ರಿಲ್. ಎನಾಲಾಪ್ರಿಲ್, ರಾಮಿಪ್ರಿಲ್ ಥರ ಹೆಸರಿನ ಕೊನೆಗೆ 'ಪ್ರಿಲ್' ಇರುವ ಮಾತ್ರೆಗಳು ಕೆಲವರಿಗೆ ಹೀಗೆ ಕೆಮ್ಮು ತರಿಸುತ್ತವೆ. ಮಾತ್ರೆ ಬದಲಾಯಿಸಿದರು, ಒಂದು ತಿಂಗಳಲ್ಲಿ ಕೆಮ್ಮು ಹೋಯಿತು. ಇದೇ ಮಾತ್ರೆಗಳಿಂದ ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ಕಾಯಬಾರದು, ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಅಪರೂಪ, ಆದರೆ ಉಸಿರು ಕಟ್ಟುತ್ತದೆ.

ಇದನ್ನೆಲ್ಲ ಓದಿ ಯಾರಾದರೂ ನಾಳೆಯಿಂದ ಮಾತ್ರೆ ಬಿಟ್ಟರೆ ನಾನು ಬರೆದದ್ದೇ ತಪ್ಪಾಗುತ್ತದೆ. ದಯವಿಟ್ಟು ಬಿಡಬೇಡಿ. ಬಿಪಿ ಏರಿದರೂ ಮೈಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಲಕ್ವ ಹೊಡೆದಿರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಅವನ್ನು ಒಮ್ಮೆಲೇ ನಿಲ್ಲಿಸಿದರೆ ಎದೆ ಬಡಿತ ಏರುತ್ತದೆ, ಹೃದಯದ ತೊಂದರೆ ಇರುವವರಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ಕ್ಲೋನಿಡಿನ್ ಹಠಾತ್ತನೆ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲೆ ಹಾರುತ್ತದೆ. ಡಾಕ್ಟರ ಹತ್ತಿರ ಹೋದರೆ ಡೋಸ್ ಇಳಿಸುತ್ತಾರೆ, ಇಲ್ಲವೇ ಬೇರೆ ಜಾತಿಯ ಮಾತ್ರೆ ಕೊಡುತ್ತಾರೆ. ಬಿಪಿಗೆ ಮಾತ್ರೆಗಳ ಬರ ಇಲ್ಲ. ಒಂದು ಹಿಡಿಸದಿದ್ದರೆ ಇನ್ನೊಂದು ಹಿಡಿಸುತ್ತದೆ.

ಇನ್ನು ಕೆಲವು ಮಾತು. ಮಗು ಆಗಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳು ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ್ದರಲ್ಲಿ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಅವು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ದಮ್ಮು ಇರುವವರು ಅಟೆನೊಲಾಲ್ ಬರೆದಾಗ ದಮ್ಮಿನ ವಿಷಯ ಬಾಯಿಬಿಟ್ಟು ಹೇಳಿ. ಸಕ್ಕರೆ ಕಾಯಿಲೆಯವರಿಗೆ ಶುಗರ್ ಇಳಿದಾಗ ಆಗುವ ನಡುಕ, ಎದೆ ಬಡಿತವನ್ನೂ ಅಟೆನೊಲಾಲ್ ಮುಚ್ಚಿಬಿಡುತ್ತದೆ. ಅಂಗಡಿಯಲ್ಲಿ ಬಿಪಿಯವರಿಗೆ ಒಳ್ಳೆಯದು ಅಂತ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟನ್ ಕೂಡ ರಕ್ತದಲ್ಲಿ ಅದನ್ನೇ ಏರಿಸುತ್ತದೆ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು, ಅದರಲ್ಲೂ ಕಿಡ್ನಿ ಸೋತವರು, ಕೇಳದೆ ಅದನ್ನು ಬಳಸಬಾರದು. ವಾಂತಿ ಭೇದಿ ಶುರುವಾದರೆ ಅವತ್ತೇ ಫೋನ್ ಮಾಡಿ, ಯಾವ ಮಾತ್ರೆ ತಡೆಯಬೇಕು ಅಂತ ಕೇಳಿ. ನಾವು ಎರಡು ದಿನ ಕಾದೆವು.

ನಮ್ಮ ಜಿಲ್ಲೆಯಲ್ಲಿ ಒಂದು ಒಳ್ಳೆಯ ಕೆಲಸ ಆಗುತ್ತಿದೆ. ಗೃಹ ಆರೋಗ್ಯ ಯೋಜನೆ 2024ರಲ್ಲಿ ಶುರುವಾಗಿದ್ದೇ ಕೋಲಾರದಲ್ಲಿ. 30 ದಾಟಿದವರಿಗೆ ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡುವ ಯೋಜನೆ ಅದು. ನಮ್ಮ ಸರ್ಕಾರಕ್ಕೆ ನನ್ನದೊಂದು ಬೇಡಿಕೆ ಇದೆ. ಬಿಪಿ ಎಷ್ಟು ಅಂತ ಬರೆದುಕೊಳ್ಳುವಾಗ "ಮಾತ್ರೆ ಚೀಲ ತನ್ನಿ ನೋಡೋಣ" ಅಂತಲೂ ಕೇಳಲಿ. ನೋವಿನ ಮಾತ್ರೆ, ನಾಟಿ ಔಷಧಿ, ಪಕ್ಕದ ಮನೆಯವರು ಕೊಟ್ಟದ್ದು ಎಲ್ಲಾ ಅದರಲ್ಲೇ ಇರುತ್ತದೆ. ಕಾಲು ಊದುತ್ತದಾ, ಎದ್ದಾಗ ತಲೆ ಸುತ್ತುತ್ತದಾ, ಕೆಮ್ಮು ಇದೆಯಾ ಅಂತ ಮೂರು ಪ್ರಶ್ನೆ ಕೇಳಲು ಎರಡು ನಿಮಿಷ ಸಾಕು.

ಅಮ್ಮನ ಚೀಲದಲ್ಲಿ ಈಗ ಒಂದು ಕಾಗದ ಇದೆ. ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಯಾವ ಮಾತ್ರೆ, ಎಷ್ಟು, ಯಾವಾಗ, ಏನಾದರೆ ಫೋನ್ ಮಾಡಬೇಕು ಅಂತ ಬರೆದಿದ್ದೇನೆ. ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಅಮ್ಮ ಒಂದು ನಿಮಿಷ ಕೂತು ಎದ್ದೇಳುತ್ತಾರೆ. ಮೊನ್ನೆ ಚಿಕ್ಕಮ್ಮ ಮನೆಗೆ ಬಂದಿದ್ದರು. ಅವರ ಕಾಲು ನೋಡಿ ಅಮ್ಮನೇ ಕೇಳಿದರಂತೆ, "ನಿಂಗೆ ಕೊಟ್ಟಿರೋ ಬಿಪಿ ಮಾತ್ರೆ ಯಾವ್ದು?" ಚಿಕ್ಕಮ್ಮನಿಗೂ ಹೆಸರು ಗೊತ್ತಿಲ್ಲ. ಈ ಶನಿವಾರ ಮುಳಬಾಗಿಲಿಗೆ ಹೋಗಿ ಅವರ ಚೀಲ ನೋಡಬೇಕು.